ದೊಡ್ಡಪ್ಪನ ಅಂಬಾಸಿಡರ್‌ಗೆ ಅಳತೆಯ ಫಿಲ್ಟರ್

ಅಂಗಡಿಗೆ ಹೋಗಿ "ಅಂಬಾಸಿಡರ್‌ಗೆ ಒಂದು ಆಯಿಲ್ ಫಿಲ್ಟರ್ ಕೊಡಿ" ಅಂತ ಕೇಳುವುದು "ಒಂದು ಸೇರು ಅಕ್ಕಿ ಕೊಡಿ" ಅಂತ ಕೇಳಿದ ಹಾಗೆ. ಯಾವ ಅಕ್ಕಿ? ಕುಚ್ಚಲಕ್ಕಿಯೋ ಬೆಳ್ತಿಗೆಯೋ, ಊಟಕ್ಕೋ ದೋಸೆಗೋ? ಕೇಳಿದವರಿಗೂ ಕೊಡುವವರಿಗೂ ಇದು ಗೊತ್ತಿಲ್ಲದಿದ್ದರೆ ಮನೆಗೆ ಬರುವುದು ಅಕ್ಕಿಯೇ ಹೌದು, ಆದರೆ ದೋಸೆ ಏಳುವುದಿಲ್ಲ.

ಹೊರಗಿನಿಂದ ನೋಡಿದರೆ ಅಂಬಾಸಿಡರ್‌ಗಳೆಲ್ಲ ಅಣ್ಣತಮ್ಮಂದಿರು. ಅದೇ ಗುಂಡು ಬೆನ್ನು, ಅದೇ ದುಂಡು ದೀಪ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನ ಅಚ್ಚು ಬಂಗಾಳದ ಉತ್ತರಪಾರಾಕ್ಕೆ ಬಂದು, 1950ರ ದಶಕದ ಕೊನೆಯಿಂದ 2014ರವರೆಗೆ ಅಲ್ಲಿ ಈ ಕಾರು ತಯಾರಾಯಿತು. ಅಷ್ಟು ವರ್ಷಗಳಲ್ಲಿ ಮೈ ಬದಲಾಗಿದ್ದು ಕಡಿಮೆ, ಹೊಟ್ಟೆ ಬದಲಾಗಿದ್ದು ಜಾಸ್ತಿ. ಬಹಳ ಕಾಲ ಇದ್ದದ್ದು 1489 ಸಿಸಿಯ ಬಿಎಂಸಿ ಪೆಟ್ರೋಲ್ ಇಂಜಿನ್. ಆಮೇಲೆ ಅದೇ ಅಳತೆಯ ಡೀಸೆಲ್ ಬಂತು. 1990ರ ದಶಕದಲ್ಲಿ ಇಸುಜು ಇಂಜಿನ್‌ಗಳು ಬಂದವು. ಇದು ಕಂಪನಿಯ ಲೆಕ್ಕ. ನಮ್ಮ ಕಡೆಯ ಲೆಕ್ಕ ಬೇರೆ. ಪೆಟ್ರೋಲ್ ದುಬಾರಿ ಆಯ್ತು ಅಂತ ಬಾಡಿಗೆ ಕಾರಿನವರು ಎಷ್ಟೋ ಜನ ಹಳೆ ಇಂಜಿನ್ ಇಳಿಸಿ ಮೆಟಾಡೋರ್ ಡೀಸೆಲ್ ಇಂಜಿನ್ ಕೂರಿಸಿಕೊಂಡರು. ಹಾಗಾಗಿ ಆರ್‌ಸಿ ಪುಸ್ತಕದಲ್ಲಿ ಒಂದು, ಬಾನೆಟ್ ಕೆಳಗೆ ಇನ್ನೊಂದು. ಇದಕ್ಕೆಲ್ಲ ಒಂದೇ ಫಿಲ್ಟರ್ ಆಗುತ್ತಾ? ಕಾರಿನ ಹೆಸರು ಹೇಳಿ ಫಿಲ್ಟರ್ ತರುವುದು ಅಂದರೆ ಹಾಗೇ.

ನಮ್ಮ ದೊಡ್ಡಪ್ಪನದು 1977ರ ಮಾರ್ಕ್ 3. ಇಂಜಿನ್ ಮೊದಲಿನದೇ, 1489 ಸಿಸಿ ಪೆಟ್ರೋಲ್. ತೀರ್ಥಹಳ್ಳಿ ಕಡೆಯ ನಮ್ಮ ಊರಿನಲ್ಲಿ ಮೂವತ್ತು ವರ್ಷ ಬಾಡಿಗೆಗೆ ಓಡಿದ ಕಾರು. ಮದುವೆ ದಿಬ್ಬಣ ಹೋಗಿದೆ, ಅಡಿಕೆ ಮೂಟೆ ಹೊತ್ತಿದೆ. ಆದರೆ ಊರಿನವರು ಈಗಲೂ ನೆನೆಸುವುದು ರಾತ್ರಿ ಹೊತ್ತು ಆಗುಂಬೆ ಘಾಟಿ ಇಳಿದು ಮಣಿಪಾಲದ ಆಸ್ಪತ್ರೆಗೆ ಹೋದ ಟ್ರಿಪ್ಪುಗಳನ್ನು. ಮಳೆಗಾಲ, ಮಂಜು, 14 ತಿರುವು, ಹಿಂದಿನ ಸೀಟಿನಲ್ಲಿ ಹೆರಿಗೆ ನೋವು. ನನ್ನ ಓರಗೆಯವರಲ್ಲಿ ನಾಲ್ಕೈದು ಜನ "ನಾನು ಹುಟ್ಟಿದ್ದು ನಿಮ್ಮ ದೊಡ್ಡಪ್ಪನ ಕಾರಿಂದಲೇ" ಅನ್ನುತ್ತಾರೆ. ದೊಡ್ಡಪ್ಪ ಇದನ್ನೆಲ್ಲ ಕೇಳಿದರೆ "ಪೆಟ್ರೋಲ್ ಹಾಕಿದ್ರೆ ಯಾವ ಕಾರಾದ್ರೂ ಹೋಗ್ತದೆ" ಅಂತ ಎದ್ದು ಹೋಗುತ್ತಾರೆ.

ಈಗ ಬಾಡಿಗೆ ಇಲ್ಲ. ದೊಡ್ಡಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆದ ಮೇಲೆ ಓಡಿಸುವ ಕೆಲಸ ನನಗೆ ಬಂತು. ತಿಂಗಳಿಗೆ ಒಂದೆರಡು ಸಲ ಪೇಟೆಗೆ, ವರ್ಷಕ್ಕೊಂದು ಸಲ ದೊಡ್ಡಮ್ಮನ ತವರಿಗೆ. ಅವರು ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿಕೊಂಡು ಇಂಜಿನ್ ಶಬ್ದ ಕೇಳುತ್ತಾ ಇರುತ್ತಾರೆ. ನಿದ್ದೆ ಬಂದಿದೆ ಅಂದುಕೊಂಡರೆ ಮೂರನೇ ಗೇರಿಗೆ ಹಾಕುವುದು ತಡವಾದ ಕೂಡಲೇ "ಹೂಂ" ಅನ್ನುತ್ತಾರೆ.

ಇನ್ನು, ಒಂದು ಸಣ್ಣ ಕಾಗದದ ಉರುಳೆಗೆ ಇಷ್ಟೆಲ್ಲ ತಲೆಬಿಸಿ ಯಾಕೆ ಅಂತ ಹೇಳಬೇಕು. ಈ ಇಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ಸವೆದಾಗ ಲೇತ್‌ನಲ್ಲಿ ಉಜ್ಜಿ ನುಣುಪು ಮಾಡುತ್ತಾರೆ. ಉಜ್ಜಿದಷ್ಟು ಅದು ಸಣ್ಣಗಾಗುತ್ತದೆ, ಆದ್ದರಿಂದ ಅಷ್ಟೇ ದಪ್ಪ ಹೆಚ್ಚಿರುವ ಬೇರಿಂಗ್ ಹಾಕಬೇಕು. ಮೆಕ್ಯಾನಿಕ್‌ಗಳ ಬಾಯಲ್ಲಿ ಇದು 10, 20, 30, 40 ಸೈಜು. 10 ಅಂದರೆ ಇಂಚಿನ ಸಾವಿರ ಭಾಗದಲ್ಲಿ ಹತ್ತು ಭಾಗ. ಹೀಗೆ ನಾಲ್ಕು ಮೆಟ್ಟಿಲು ಇಳಿಯಬಹುದು. ದೊಡ್ಡಪ್ಪನ ಕಾರಿನ ಕ್ರ್ಯಾಂಕ್ ಈಗ 40ರಲ್ಲಿದೆ. ಕೊನೇ ಮೆಟ್ಟಿಲು. ಇನ್ನೊಂದು ಸಲ ಗೀರು ಬಿದ್ದರೆ ಉಜ್ಜಲಿಕ್ಕೆ ಲೋಹ ಇಲ್ಲ. ಕ್ರ್ಯಾಂಕ್ ಗುಜರಿಗೆ, ಅದರ ಹಿಂದೆ ಇಂಜಿನ್, ಅದರ ಹಿಂದೆ ಕಾರು. ಬೇರಿಂಗ್ ಮತ್ತು ಕ್ರ್ಯಾಂಕ್ ನಡುವಿನ ಸಂದು ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಆ ಸಂದಿನಲ್ಲಿ ಎಣ್ಣೆಯ ಪದರ ಒಂದೇ ಇರಬೇಕು. ಕಬ್ಬಿಣದ ಪುಡಿಯೋ ಮಸಿಯ ಕಣವೋ ಅಲ್ಲಿ ಸೇರಿಕೊಂಡರೆ ಅದೇ ಅರದ ಕೆಲಸ ಮಾಡುತ್ತದೆ.

ಫಿಲ್ಟರೇ ಇಲ್ಲದೆ ಕಾರು ಓಡುವುದಿಲ್ಲವೇ ಅಂತ ಕೇಳುವವರಿದ್ದಾರೆ. ಓಡುತ್ತದೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಎಷ್ಟೋ ವರ್ಷ ಬರೀ ತಂತಿ ಜಾಳಿಗೆಯ ಜರಡಿಯಲ್ಲೇ ಓಡಿತು, ಎಣ್ಣೆಯನ್ನು ಮಾತ್ರ ಬೇಗ ಬೇಗ ಬದಲಿಸುತ್ತಾ ಇರಬೇಕಿತ್ತು. ಅಮೆರಿಕದಲ್ಲಿ 1920ರ ದಶಕದಲ್ಲಿ ಕಾರಿನ ಆಯಿಲ್ ಫಿಲ್ಟರ್ ಮಾಡಿದವರು "ಪ್ಯೂರ್ ಆಯಿಲ್ ಲೇಟರ್" ಅನ್ನುವ ಮಾತನ್ನೇ ಕೂಡಿಸಿ ಪ್ಯೂರೋಲೇಟರ್ ಅಂತ ಹೆಸರಿಟ್ಟರಂತೆ. ಅಲ್ಲಿಂದ ಈಚೆಗೆ ಇಂಜಿನ್ ಬಾಳಿಕೆ ಬೆಳೆದದ್ದರಲ್ಲಿ ಈ ಪುಟ್ಟ ಸಾಮಾನಿನ ಪಾಲು ದೊಡ್ಡದು.

ನಮ್ಮ ಕಾರಿನ ಫಿಲ್ಟರ್ ಈಗಿನ ಕಾರುಗಳ ಹಾಗೆ ತಿರುಗಿಸಿ ಕೂರಿಸುವ ಮುಚ್ಚಿದ ಡಬ್ಬಿ ಅಲ್ಲ. ಇಂಜಿನ್ನಿನ ಪಕ್ಕದಲ್ಲಿ ಒಂದು ಕಬ್ಬಿಣದ ಬಟ್ಟಲು, ನಡುವೆ ಉದ್ದದ ಬೋಲ್ಟ್. ಬಟ್ಟಲೊಳಗೆ ಮಡಿಕೆ ಮಡಿಕೆ ಕಾಗದದ ಉರುಳೆ. ಉರುಳೆಯನ್ನು ಮಾತ್ರ ಬದಲಿಸುವುದು. ಬಟ್ಟಲು ತೊಳೆದು ಮತ್ತೆ ಹಾಕುವುದು. ಪಂಪಿನಿಂದ ಬಂದ ಎಣ್ಣೆ ಮೊದಲು ಉರುಳೆಯ ಹೊರಗೆ, ಬಟ್ಟಲಿನ ಗೋಡೆಗೂ ಕಾಗದಕ್ಕೂ ಮಧ್ಯೆ ತುಂಬುತ್ತದೆ. ಕಾಗದದ ಮೂಲಕ ಒಳಗೆ ಇಳಿದು, ನಡುವಿನ ತೂತಿನಿಂದ ಇಂಜಿನ್ನಿಗೆ ಹೋಗುತ್ತದೆ. ಇದು ಸರಿಯಾಗಿ ನಡೆಯಬೇಕಾದರೆ ಉರುಳೆಯ ಎರಡೂ ತುದಿ ಬಿಗಿಯಾಗಿ ಒತ್ತಿ ಕೂತಿರಬೇಕು. ಒಂದು ತುದಿ ಫಿಲ್ಟರಿನ ತಲೆಗೆ ಒತ್ತಿರುತ್ತದೆ. ಇನ್ನೊಂದು ತುದಿಯನ್ನು ಬಟ್ಟಲಿನ ತಳದಲ್ಲಿರುವ ಒಂದು ಸ್ಪ್ರಿಂಗ್, ಅದರ ಮೇಲೊಂದು ವಾಷರ್, ಅದರ ಮೇಲೊಂದು ತಗಡಿನ ತಟ್ಟೆ ಸೇರಿ ನೂಕಿ ಹಿಡಿದಿರುತ್ತವೆ.

ತುದಿ ಕೂರದಿದ್ದರೆ? ಕಾಗದದ ಮಡಿಕೆ ದಾಟುವುದು ಎಣ್ಣೆಗೆ ಕಷ್ಟ, ತುದಿಯ ಸಂದಿನಲ್ಲಿ ನುಸುಳುವುದು ಸುಲಭ. ತೋಟದ ಸುತ್ತ ಬೇಲಿ ಭದ್ರ ಮಾಡಿ ಉಣುಗೋಲು ತೆಗೆದಿಟ್ಟ ಹಾಗೆ. ದನ ಬೇಲಿ ಹಾರುತ್ತದಾ? ಕೆಟ್ಟ ಸಂಗತಿ ಏನೆಂದರೆ ಹೊರಗೆ ಏನೂ ಗೊತ್ತಾಗುವುದಿಲ್ಲ. ಎಣ್ಣೆ ಸೋರುವುದಿಲ್ಲ, ಆಯಿಲ್ ಮೀಟರಿನ ಮುಳ್ಳು ಸರಿಯಾಗೇ ನಿಲ್ಲುತ್ತದೆ, ಶಬ್ದ ಇಲ್ಲ. ಫಿಲ್ಟರ್ ಇದೆ, ಆದರೆ ಕೆಲಸಕ್ಕೆ ಇಲ್ಲ.

ನಮ್ಮ ಕಾರಿನಲ್ಲಿ ಆಗಿದ್ದೇ ಅದು. ದೊಡ್ಡಪ್ಪನ ಕಣ್ಣಿನ ಆಪರೇಷನ್ ಆದ ವರ್ಷ ಸರ್ವಿಸ್‌ಗೆ ಪೇಟೆಯ ಒಂದು ಗ್ಯಾರೇಜಿಗೆ ಬಿಟ್ಟಿದ್ದರು. ಅದಾಗಿ ಎರಡು ವರ್ಷಕ್ಕೆ, ಹೋದ ಸಲ ದೀಪಾವಳಿ ಮುಗಿದ ಮೇಲೆ, ಅವರ ಹಳೆಯ ಮೆಕ್ಯಾನಿಕ್ ಕಾಕಾನನ್ನು ಮನೆಗೇ ಕರೆಸಿದೆವು. ಕಾಕಾನಿಗೆ ದೊಡ್ಡಪ್ಪನಷ್ಟೇ ವಯಸ್ಸು, ಗ್ಯಾರೇಜು ಮಗನಿಗೆ ಬಿಟ್ಟಿದ್ದಾರೆ, ಅಂಬಾಸಿಡರ್ ಅಂದರೆ ಮಾತ್ರ ಬರುತ್ತಾರೆ. ಅವರು ಬಟ್ಟಲು ಬಿಚ್ಚಿ ಉರುಳೆ ಹೊರಗೆ ತೆಗೆದು, ಮಡಿಕೆಗಳನ್ನು ಬೆರಳಲ್ಲಿ ಬಿಡಿಸಿ ನೋಡಿದರು. ನಾನು "ಎಷ್ಟು ಕ್ಲೀನಾಗಿದೆ ಕಾಕಾ" ಅಂದೆ. ಕಾಕಾ ಮಾತಾಡಲಿಲ್ಲ. ಬಟ್ಟಲೊಳಗೆ ಕೈ ಹಾಕಿ ತಳ ಸವರಿದರು.

"ಗೌಡ್ರೇ, ತಟ್ಟೆ ಎಲ್ಲಿ?"

ತಟ್ಟೆಯೂ ಇಲ್ಲ, ವಾಷರೂ ಇಲ್ಲ. ಸ್ಪ್ರಿಂಗ್ ಒಂದೇ ಇತ್ತು. ಹಳೇ ಉರುಳೆ ತೆಗೆಯುವಾಗ ಎಣ್ಣೆಯ ಅಂಟಿಗೆ ಈ ತಟ್ಟೆ ಅದರ ತಳಕ್ಕೆ ಕಚ್ಚಿಕೊಂಡು ಬಂದುಬಿಡುತ್ತದೆ. ನೋಡದೆ ಎಸೆದರೆ ಫಿಲ್ಟರಿನ ಜೊತೆ ಅದೂ ತಿಪ್ಪೆಗೆ. ಸಾಲದ್ದಕ್ಕೆ ಹಾಕಿದ್ದ ಉರುಳೆಯೂ ಗಿಡ್ಡ. ಎರಡು ವರ್ಷ, ಸುಮಾರು 4,000 ಕಿಲೋಮೀಟರ್ ಓಡಿದ ಫಿಲ್ಟರಿನ ಮಡಿಕೆಯಲ್ಲಿ ಕಪ್ಪು ಕೆಸರು ಕೂತಿರಬೇಕಿತ್ತು. ಕೂತಿರಲಿಲ್ಲ. ಆ ಕೆಸರೆಲ್ಲ ಎಲ್ಲಿ ಹೋಯಿತು ಅಂತ ಮೂವರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ದೊಡ್ಡಪ್ಪ ಜಗಲಿಗೆ ಹೋಗಿ ಎಲೆ ಅಡಿಕೆ ತಟ್ಟೆ ಎಳೆದುಕೊಂಡು ಕೂತರು.

ಮರುದಿನ ಕಾರನ್ನು ಕಟ್ಟಿ ಎಳೆದುಕೊಂಡು ಕಾಕಾನ ಮಗನ ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿದೆವು. ಎಣ್ಣೆ ಇಳಿಸಿ ಬಿಸಿಲಿಗೆ ಹಿಡಿದರು. ಮಿನುಗು ಇದ್ದರೆ ಬೇರಿಂಗಿನ ಲೋಹ ಕರಗಿ ಬಂದಿದೆ ಅಂತ ಅರ್ಥ. ಕಪ್ಪಗಿತ್ತು, ಮಿನುಗು ಕಾಣಲಿಲ್ಲ. ಆದರೂ ಕಾಕಾ ಸಮಾಧಾನ ಪಡಲಿಲ್ಲ. ಸಂಪ್ ಇಳಿಸಿ, ನಾಲ್ಕು ಕನೆಕ್ಟಿಂಗ್ ರಾಡಿನಲ್ಲಿ ಒಂದರ ಕ್ಯಾಪ್ ಬಿಚ್ಚಿದರು. ಬೇರಿಂಗಿನ ಅರ್ಧ ಬಿಲ್ಲೆ ಕೈಗೆ ಬಂತು. ಬೂದು ಬಣ್ಣದ ಮೇಲೆ ಗೆರೆಗಳು, ಮೂರೋ ನಾಲ್ಕೋ. ನನಗೆ ಎದೆ ಧಸಕ್ ಅಂತು.

ಕಾಕಾ ಬಿಲ್ಲೆಯನ್ನು ಪಕ್ಕಕ್ಕಿಟ್ಟು ಕ್ರ್ಯಾಂಕಿನ ಮೈ ಒರೆಸಿದರು. ನನ್ನ ಕಡೆ ತಿರುಗಿ "ನಿಂದು ಉಗುರು ಉದ್ದ ಇದೆ ಮಗಾ, ಅಡ್ಡ ಎಳೆದು ನೋಡು" ಅಂದರು. ಗುಂಡಿಯೊಳಗೆ ಇಳಿದು, ಟಾರ್ಚ್ ಬೆಳಕಿನಲ್ಲಿ ಉಗುರನ್ನು ಮೆಲ್ಲಗೆ ಎಳೆದೆ. ಉಗುರು ಎಲ್ಲೂ ಸಿಕ್ಕಲಿಲ್ಲ. ಬಿಲ್ಲೆಯ ಮೇಲೂ ಎಳೆದೆ. ಗೆರೆ ಕಣ್ಣಿಗೆ ಕಾಣುತ್ತದೆ, ಉಗುರಿಗೆ ಸಿಗುವುದಿಲ್ಲ. ಬೇರಿಂಗಿನ ಮೈ ಮೆತ್ತನೆ ಲೋಹದ್ದು. ಸಣ್ಣ ಪುಡಿ ಬಂದರೆ ತಾನು ನುಂಗಿಕೊಂಡು ಕ್ರ್ಯಾಂಕನ್ನು ಕಾಪಾಡಲಿ ಅಂತಲೇ ಹಾಗೆ ಮಾಡುವುದು. ನುಂಗುವುದಕ್ಕೂ ಒಂದು ಮಿತಿ ಇದೆ. "ಇನ್ನೂ ಹೋಗ್ತದೆ," ಅಂದರು ಕಾಕಾ, "ಆದ್ರೆ ಇನ್ನೊಂದು ಸಲ ಹೀಗಾದ್ರೆ ನನ್ನ ಕರೀಬೇಡಿ, ಗುಜರಿಯವನ್ನ ಕರೀರಿ."

ಇದಿಷ್ಟು ಆದ ಮೇಲೆ ಶುರುವಾದದ್ದು ಅಳತೆಯ ಹುಡುಕಾಟ. ಮೊದಲು ಹತ್ತಿರದ ಪೇಟೆಯಲ್ಲಿ ಕೇಳಿದೆ. ಒಂದು ಕಡೆ ಇಸುಜು ಇಂಜಿನ್ನಿನ ಡಬ್ಬಿ ಫಿಲ್ಟರ್ ಕೊಟ್ಟು "ಅಂಬಾಸಿಡರ್‌ದೇ ಮೇಡಂ" ಅಂದರು. ಅವರು ಸುಳ್ಳು ಹೇಳಲಿಲ್ಲ, ಅಂಬಾಸಿಡರ್‌ದೇ. ನಮ್ಮ ಅಂಬಾಸಿಡರ್‌ದಲ್ಲ. ಇನ್ನೊಂದು ಕಡೆ "ಹಳೇದು ತನ್ನಿ, ಅದೇ ಅಳತೆದು ಹುಡುಕಿ ಕೊಡ್ತೇವೆ" ಅಂದರು. ಕೇಳಲು ಸರಿಯಾಗೇ ಇದೆ, ಅಲ್ವಾ? ಎಲ್ಲರೂ ಮಾಡುವುದೂ ಹಾಗೆಯೇ. ನಮ್ಮ ಹಳೇದೇ ತಪ್ಪು ಅಳತೆಯದು. ಅದನ್ನು ಹಿಡಿದು ಹೋಗಿದ್ದರೆ ಇನ್ನೊಂದು ಗಿಡ್ಡ ಉರುಳೆಯೇ ಬರುತ್ತಿತ್ತು. ಹಳೆ ಕಾರು ನಾಲ್ಕಾರು ಕೈ ದಾಟಿ ಬಂದಿರುತ್ತದೆ. ಕೊನೆಯವನು ಹಾಕಿದ್ದೇ ಸರಿ ಅಂತ ನಂಬುವುದಕ್ಕೆ ಯಾವ ಆಧಾರವೂ ಇಲ್ಲ. ಬದಲಾಗದೆ ಉಳಿದಿರುವುದು ಬಟ್ಟಲು ಮತ್ತು ಅದು ಕೂರುವ ತಲೆ. ಅಳತೆ ಅಲ್ಲಿಂದ ಶುರುವಾಗಬೇಕು.

ಕಾಕಾ ಹೇಳಿದ್ದೂ ಅದನ್ನೇ: "ಬಟ್ಟಲು ತಗೊಂಡೇ ಹೋಗು." ಬಟ್ಟಲು, ಬೋಲ್ಟ್, ಸ್ಪ್ರಿಂಗ್ ಎಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ದೊಡ್ಡಮ್ಮನ ಹಳೆ ಸೀರೆ ತುಂಡಿನಲ್ಲಿ ಸುತ್ತಿ, ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದೆ. ಫಿಲ್ಟರಿನ ತಲೆಯನ್ನು ಬಿಚ್ಚಿಕೊಂಡು ಹೋಗಲಾಗುವುದಿಲ್ಲವಲ್ಲ, ಅದಕ್ಕೆ ಅದರ ಗಾಡಿಯ ಮೇಲೆ ಬಿಳಿ ಕಾಗದ ಒತ್ತಿ ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದುಕೊಂಡಿದ್ದೆ. ಶಾಲೆಯಲ್ಲಿ ನಾಣ್ಯದ ಮೇಲೆ ಕಾಗದ ಇಟ್ಟು ತಿಕ್ಕುತ್ತಿದ್ದೆವಲ್ಲ, ಹಾಗೆ.

ಬೆಂಗಳೂರಿನ ಜೆ.ಸಿ. ರಸ್ತೆ ಗೊತ್ತಿಲ್ಲದವರಿಗೆ: ಟೌನ್ ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆಗೆ ಹೋಗುವ ಈ ರಸ್ತೆಯ ಅಂಗಡಿಗಳಲ್ಲಿ ವಾಹನದ ಬಿಡಿಭಾಗ ಸಿಗದೆ ಹೋಗುವುದು ಅಪರೂಪ. ನಾಲ್ಕು ಅಂಗಡಿ ತಿರುಗಿದ ಮೇಲೆ ಒಳಗಲ್ಲಿಯ ಒಂದು ಚಿಕ್ಕ ಅಂಗಡಿಯಲ್ಲಿ ವಯಸ್ಸಾದ ಒಬ್ಬರು ಸಿಕ್ಕರು. "ಕಾರು ಯಾವುದು ಅಂತ ಹೇಳ್ಬೇಡಿ, ಇಂಜಿನ್ ಯಾವುದು ಹೇಳಿ" ಅಂತಲೇ ಮಾತು ಶುರು ಮಾಡಿದರು. ಬಟ್ಟಲು ಬಿಚ್ಚಿಟ್ಟೆ. ಅವರ ಮುಖ ಅರಳಿದ್ದು ನೋಡಬೇಕಿತ್ತು. ಇದೇ ಇಂಜಿನ್ ವಂಶದ್ದು ಇಂಗ್ಲೆಂಡಿನ ಎಂಜಿ ಸ್ಪೋರ್ಟ್ಸ್ ಕಾರುಗಳಲ್ಲೂ ಇತ್ತಂತೆ, ಅಲ್ಲಿ ಜನ ಈಗಲೂ ಆ ಕಾರುಗಳನ್ನು ಮುದ್ದು ಮಾಡಿ ಓಡಿಸುತ್ತಾರಂತೆ. ಎಂಜಿಯ ವಿಷಯ ನಾನೂ ಓದಿದ್ದೆ. ಅಡಿಕೆ ಮೂಟೆ ಹೊತ್ತ ನಮ್ಮ ಇಂಜಿನ್ನಿಗೆ ಅಂಥ ನೆಂಟರಿರುವುದು ನನಗೆ ಖುಷಿಯೇ.

ಅವರು ಮೂರು ಉರುಳೆ ತಂದು ಮೇಜಿನ ಮೇಲೆ ನಿಲ್ಲಿಸಿದರು. ಮೂರರ ದಪ್ಪವೂ ಕಣ್ಣಿಗೆ ಒಂದೇ. ವರ್ನಿಯರ್ ಹಿಡಿದು ನೋಡಿದಾಗ ಒಂದು ನಮ್ಮ ಹಳೆಯದರಷ್ಟೇ ಗಿಡ್ಡ, ಒಂದು ಅದಕ್ಕಿಂತ 5 ಮಿಲಿಮೀಟರ್ ಎತ್ತರ, ಇನ್ನೊಂದು ಹತ್ತಿರ ಹತ್ತಿರ 10 ಮಿಲಿಮೀಟರ್ ಎತ್ತರ. ಅತಿ ಎತ್ತರದ್ದನ್ನು ಹಾಕಿದರೆ ಬಿಗಿ ಚೆನ್ನಾಗಿರುತ್ತಲ್ಲ ಅಂತ ಅನ್ನಿಸಬಹುದು. ಸ್ಪ್ರಿಂಗ್ ಪೂರ್ತಿ ಕುಗ್ಗಿ ಸುರುಳಿ ಸುರುಳಿಗೆ ತಾಗಿದ ಮೇಲೆ ಬೋಲ್ಟ್ ತಿರುಗಿಸಿದರೆ ಕುಗ್ಗಬೇಕಾದದ್ದು ಕಾಗದವೇ. ಉರುಳೆ ನಡು ಮುರಿಯುತ್ತದೆ. ಇಲ್ಲವೇ ಬಟ್ಟಲಿನ ಅಂಚು ರಬ್ಬರ್ ಮೇಲೆ ಕೂರುವ ಮೊದಲೇ ಬೋಲ್ಟ್ ಬಿಗಿಯಾಯ್ತು ಅನ್ನಿಸಿ, ಓಡುವಾಗ ಎಣ್ಣೆ ಕಾರಿಕೊಳ್ಳುತ್ತದೆ. ಗಿಡ್ಡದ ಕಥೆ ಆಗಲೇ ಹೇಳಿದ್ದೇನೆ. ಅಡ್ಡಳತೆಯಲ್ಲಿ ಮುಖ್ಯವಾದದ್ದು ನಡುವಿನ ತೂತು: ಬೋಲ್ಟ್ ದಾಟಬೇಕು, ಆದರೆ ತಲೆಯ ಗಾಡಿಗೆ ಸುತ್ತಲೂ ತಾಗಬೇಕು. ನನ್ನ ಪೆನ್ಸಿಲ್ ಅಚ್ಚು ಅಲ್ಲಿ ಕೆಲಸಕ್ಕೆ ಬಂತು. ನಡುವಿನ ಉರುಳೆಯನ್ನು ಅಚ್ಚಿನ ಮೇಲೆ ನಿಲ್ಲಿಸಿದರೆ ವರ್ತುಲ ವರ್ತುಲಕ್ಕೆ ಕೂತಿತು.

ನಮ್ಮ ಉರುಳೆ ಇಷ್ಟು ಮಿಲಿಮೀಟರ್ ಅಂತ ಇಲ್ಲಿ ಬರೆಯುತ್ತಿಲ್ಲ. ಬರೆದರೆ ಯಾರಾದರೂ ಅದನ್ನೇ ಹಿಡಿದು ಅಂಗಡಿಗೆ ಹೋಗುತ್ತೀರಿ. ನಿಮ್ಮ ಬಟ್ಟಲು ಬೇರೆ ಇದ್ದೀತು.

ಆಮೇಲೆ ಆ ಯಜಮಾನರು ಇನ್ನೊಂದು ದಾರಿ ತೋರಿಸಿದರು. ಬಟ್ಟಲಿನ ಜಾಗಕ್ಕೆ ಒಂದು ಅಡಾಪ್ಟರ್ ಕೂರಿಸಿ, ಅದಕ್ಕೆ ಈಗಿನ ಡಬ್ಬಿ ಫಿಲ್ಟರ್ ತಿರುಗಿಸಿ ಹಾಕುವುದು. ಕೈ ಕೊಳೆಯಾಗುವುದಿಲ್ಲ, ಫಿಲ್ಟರ್ ಎಲ್ಲ ಊರಿನಲ್ಲೂ ಸಿಗುತ್ತದೆ. ನನಗೆ ಆಸೆಯಾಯಿತು. ಅವರೇ ತಡೆದು "ಹಾಕ್ಸೋದಾದ್ರೆ ಒಂದು ನೋಡ್ಕೊಳಮ್ಮ" ಅಂತ ಎರಡು ಡಬ್ಬಿ ಫಿಲ್ಟರ್ ತಂದರು. ಒಂದರ ಮರೆ, ಅಂದರೆ ತಿರುಪಿನ ಗೆರೆ, ಮುಕ್ಕಾಲು ಇಂಚಿನದು, ಇಂಚಿಗೆ 16 ಗೆರೆ. ಇನ್ನೊಂದರದು 20 ಮಿಲಿಮೀಟರಿನದು, ಗೆರೆಯಿಂದ ಗೆರೆಗೆ ಒಂದೂವರೆ ಮಿಲಿಮೀಟರ್. ಮುಕ್ಕಾಲು ಇಂಚು ಅಂದರೆ 19.05 ಮಿಲಿಮೀಟರ್. ವ್ಯತ್ಯಾಸ ಒಂದು ಮಿಲಿಮೀಟರೂ ಇಲ್ಲ. ಮುಕ್ಕಾಲು ಇಂಚಿನ ತಿರುಪಿನ ಮೇಲೆ 20ರ ಡಬ್ಬಿಯನ್ನು ತಿರುಗಿಸಿ ತೋರಿಸಿದರು. ಹೋಯಿತು! ಸಲೀಸಾಗಿ ಹೋಗಿ, ತುದಿಯಲ್ಲಿ ಬಿಗಿಯೂ ಆಯಿತು. ಸ್ವಲ್ಪ ಬಿಚ್ಚಿ ಅಲ್ಲಾಡಿಸಿದಾಗ ಸಡಿಲ ಹಲ್ಲಿನ ಹಾಗೆ ಆಚೀಚೆ ಆಡಿತು. ಗೆರೆಗಳು ತುದಿ ತುದಿಯಲ್ಲಿ ಮಾತ್ರ ಕಚ್ಚಿಕೊಂಡಿದ್ದವು.

ಹೀಗೆ ಕಚ್ಚಿಕೊಂಡ ಡಬ್ಬಿಯ ಮೇಲೆ ಎಷ್ಟು ಒತ್ತಡ ಬೀಳುತ್ತದೆ ಗೊತ್ತಾ? ಬಸ್ಸಿನಲ್ಲಿ ಬರುವಾಗ ಮೊಬೈಲಿನಲ್ಲೇ ಲೆಕ್ಕ ಹಾಕಿದೆ. ಡಬ್ಬಿಯ ರಬ್ಬರ್ ಬಳೆ 65 ಮಿಲಿಮೀಟರ್ ಅಗಲ ಅಂತ ಇಟ್ಟುಕೊಳ್ಳಿ, ಇಂಜಿನ್ ಓಡುವಾಗ ಎಣ್ಣೆಯ ಒತ್ತಡ 50 ಪೌಂಡ್. ಡಬ್ಬಿಯನ್ನು ಕಿತ್ತು ಹಾಕಲು ನೂಕುವ ಬಲ 115 ಕಿಲೋ ಹತ್ತಿರ ಬರುತ್ತದೆ. ಎರಡು ಮೂಟೆ ಅಕ್ಕಿಯನ್ನು ಆ ತುದಿಗೆರೆಗಳಿಗೆ ನೇತುಹಾಕಿ, ಮೇಲೊಂದು ಮಗುವನ್ನು ಕೂರಿಸಿದಷ್ಟು. ಚಳಿಯ ಬೆಳಿಗ್ಗೆ ಎಣ್ಣೆ ಮಂದ ಇರುವಾಗ ಇನ್ನೂ ಜಾಸ್ತಿ. ಗೆರೆ ಜಾರಿದರೆ ಇಂಜಿನ್ನಿನ ನಾಲ್ಕು ಲೀಟರ್ ಎಣ್ಣೆ ರಸ್ತೆಗೆ ಬರಲು ಹೆಚ್ಚು ಹೊತ್ತು ಬೇಡ. ಅದು ಘಾಟಿಯಲ್ಲಾದರೆ ಹಿಂದೆ ಬರುವ ಬೈಕಿನವನ ಗತಿ ಏನು?

ಇದು ಹಳೆ ಕಾರಿನವರಿಗೆ ಮಾತ್ರ ಹೇಳುವ ಮಾತಲ್ಲ. ಮನೆಯಲ್ಲಿ ಟ್ರ್ಯಾಕ್ಟರ್, ಪಿಕಪ್, ಜನರೇಟರ್ ಏನೇ ಇರಲಿ, ಡಬ್ಬಿ ಫಿಲ್ಟರ್ ತಿರುಗಿಸುವಾಗ ಕೈ ಹೇಳುವುದನ್ನು ಕೇಳಿ. ಸರಿಯಾದ ಮರೆಯಾದರೆ ಮೊದಲ ಸುತ್ತಿನಿಂದಲೇ ಆಡದೆ, ಕೊಸರದೆ ಹೋಗುತ್ತದೆ. ಅಲ್ಲಾಡಿದರೆ ಅಲ್ಲಿಗೇ ನಿಲ್ಲಿಸಿ. ರಬ್ಬರ್ ಬಳೆಯ ಅಗಲ ಇಂಜಿನ್ ಕಡೆಯ ಗಾಡಿಗೆ ಹೊಂದಬೇಕು, ಹಳೇ ಬಳೆ ಅಲ್ಲೇ ಅಂಟಿ ಉಳಿದಿದೆಯಾ ಅಂತ ಬೆರಳಾಡಿಸಿ ನೋಡಬೇಕು. ಡಬ್ಬಿ ಉದ್ದ ಜಾಸ್ತಿಯಾಗಿ ಪಕ್ಕದ ಪೈಪಿಗೋ ಚಾಸಿಗೋ ತಾಗಬಾರದು. ಕಾಗದ ಕಟ್ಟಿಕೊಂಡರೆ ಎಣ್ಣೆಗೆ ಬದಲಿ ದಾರಿ ಕೊಡುವ ಬೈಪಾಸ್ ವಾಲ್ವ್ ಇಂಜಿನ್ ಕಡೆ ಇಲ್ಲದಿದ್ದರೆ ಡಬ್ಬಿಯೊಳಗೆ ಇರಲೇಬೇಕು. ಹೊರಗಿನಿಂದ ನೋಡಿದರೆ ಇದು ತಿಳಿಯುವುದಿಲ್ಲ, ಆದ್ದರಿಂದ ಆ ಇಂಜಿನ್ನಿಗೇ ಅಂತ ಬರೆದಿರುವ ನಂಬರನ್ನೇ ಕೇಳಿ ತರುವುದು ಒಳ್ಳೆಯದು.

ಅಡಾಪ್ಟರ್ ಬೇಡ ಅಂತ ತೀರ್ಮಾನಿಸಿದೆ. ದಿನಾ ಓಡುವ ಕಾರಾದರೆ ಹಾಕಿಸುತ್ತಿದ್ದೆನೇನೋ. ನಮ್ಮದು ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್. ಬಟ್ಟಲು ಬಿಚ್ಚಿ ಉರುಳೆ ಬಿಡಿಸಿ ನೋಡಿದರೆ ಒಳಗೆ ಏನಾಗುತ್ತಿದೆ ಅಂತ ತಿಳಿಯುತ್ತದೆ. ಮುಚ್ಚಿದ ಡಬ್ಬಿಯಾಗಿದ್ದರೆ ಕಾಕಾ ಅದನ್ನು ಒಡೆದು ನೋಡುತ್ತಿದ್ದರಾ? ಇನ್ನೊಂದು ಕಾರಣವೂ ಇದೆ, ದೊಡ್ಡಪ್ಪ. ಆ ಕಾರಿನಲ್ಲಿ ಇಂಗ್ಲೆಂಡಿನ ಕಾಲದ್ದು ಅಂತ ಉಳಿದಿರುವುದು ಏನೇನು ಅಂತ ಅವರ ಹತ್ತಿರ ಲೆಕ್ಕ ಇದೆ.

ಯಜಮಾನರು ಒಂದು ಹಳೇ ಬಟ್ಟಲು ಬಿಚ್ಚಿ ತಟ್ಟೆ, ವಾಷರ್ ಕೊಟ್ಟರು. ಉರುಳೆಯ ಜೊತೆ ಬರುವ ಪೊಟ್ಟಣದಲ್ಲಿ ಬೇರೆ ಬೇರೆ ದಪ್ಪದ ರಬ್ಬರ್ ಬಳೆಗಳಿದ್ದವು. "ಎಲ್ಲಾ ಹಾಕ್ಬೇಡಿ, ಒಂದೇ" ಅಂತ ನಕ್ಕರು. ಎಲ್ಲ ಸೇರಿ ನನ್ನ ಬಸ್ ಚಾರ್ಜಿಗಿಂತ ಕಡಿಮೆಯಾಯಿತು.

ಊರಿಗೆ ಬಂದ ಮೇಲೆ ಕಾಕಾ ಕೂಡಲೇ ಹಾಕಲಿಲ್ಲ. ಉರುಳೆಯ ತುದಿ ನಿಜವಾಗಿ ಒತ್ತುತ್ತದೆಯೇ ಅಂತ ನೋಡಬೇಕು, ಬಟ್ಟಲು ಮುಚ್ಚಿದ ಮೇಲೆ ಕಾಣುವುದಿಲ್ಲ. ದೊಡ್ಡ ಗ್ಯಾರೇಜುಗಳಲ್ಲಿ ಇದಕ್ಕೆ ನೀಲಿ ಬಣ್ಣ ಹಚ್ಚುತ್ತಾರೆ. ನಮ್ಮಲ್ಲಿ ಅದು ಎಲ್ಲಿಂದ ಬರಬೇಕು? ದೊಡ್ಡಪ್ಪ ಜಗಲಿಯಿಂದಲೇ "ಕುಂಕುಮ ಕೊಡೇ" ಅಂತ ಒಳಗೆ ಕೂಗಿದರು. ದೊಡ್ಡಮ್ಮ ಗೊಣಗುತ್ತಾ ಭರಣಿ ತಂದರು. ಒಂದು ಹನಿ ಎಣ್ಣೆಯಲ್ಲಿ ಕಲಸಿ, ಫಿಲ್ಟರಿನ ತಲೆಯ ಗಾಡಿಗೆ ತೆಳ್ಳಗೆ ಹಚ್ಚಿದೆವು. ಹಳೇ ಗಿಡ್ಡ ಉರುಳೆಯನ್ನೇ ಮೊದಲು ತಟ್ಟೆ ಇಲ್ಲದೆ ಹಾಕಿ, ಬೋಲ್ಟ್ ಬಿಗಿದು, ಬಿಚ್ಚಿ ನೋಡಿದರೆ ತುದಿಯಲ್ಲಿ ಒಂದು ಪಕ್ಕ ಮಾತ್ರ ಕೆಂಪು, ಅರ್ಧಚಂದ್ರದ ಹಾಗೆ. ಉಳಿದ ಅರ್ಧ ಖಾಲಿ. ಎರಡು ವರ್ಷ ಎಣ್ಣೆ ಓಡಾಡಿದ ದಾರಿ ಅದು. ಆಮೇಲೆ ಹೊಸದನ್ನು ತಟ್ಟೆ ವಾಷರ್ ಸಮೇತ ಹಾಕಿ ಬಿಚ್ಚಿದೆವು. ಪೂರ್ತಿ ಬಳೆ ಮೂಡಿತ್ತು. ದೊಡ್ಡಪ್ಪ ಅದನ್ನು ಕಣ್ಣಿನ ಹತ್ತಿರ ಹಿಡಿದು ಸುತ್ತಲೂ ತಿರುಗಿಸಿ ನೋಡಿ, ಏನೂ ಹೇಳದೆ ನನ್ನ ಕೈಗೆ ಕೊಟ್ಟರು.

ಕುಂಕುಮ ಪೂರ್ತಿ ಒರೆಸಿ ತೊಳೆದೆವು, ಅದೂ ಪುಡಿಯೇ ತಾನೆ. ತಲೆಯ ಗಾಡಿಯಿಂದ ಹಳೇ ರಬ್ಬರ್ ಬಳೆಯನ್ನು ಪಿನ್ನಿನಲ್ಲಿ ಎಬ್ಬಿಸಿ ತೆಗೆಯಬೇಕು, ಅದು ಗಟ್ಟಿಯಾಗಿ ಲೋಹದ ಹಾಗೇ ಕಾಣುತ್ತದೆ. ಅದರ ಮೇಲೆ ಹೊಸದು ಕೂರಿಸಿದರೆ ಸೋರುವುದು ಖಂಡಿತ. ಕಾಕಾ ಅದಕ್ಕೇ ಅರ್ಧ ಗಂಟೆ ತೆಗೆದುಕೊಂಡರು. ಹೊಸ ಎಣ್ಣೆ ತುಂಬಿದ ಮೇಲೆ ಕಾಯಿಲ್ ವೈರ್ ತೆಗೆದಿಟ್ಟು ಸೆಲ್ಫ್ ಹೊಡೆಸಿದರು. ಇಂಜಿನ್ ಹತ್ತದೆ ಬರೀ ತಿರುಗಲಿ, ಖಾಲಿ ಬಟ್ಟಲು ತುಂಬಿ ಎಣ್ಣೆ ಮೇಲಕ್ಕೆ ಹೋಗಲಿ ಅಂತ. ದೊಡ್ಡಪ್ಪ ಹಿಂದೆ ಯಾವಾಗಲೋ ಡ್ಯಾಶಿನ ಕೆಳಗೆ ಹಾಕಿಸಿದ್ದ ಆಯಿಲ್ ಮೀಟರಿನ ಮುಳ್ಳು ಮೊದಲು ಸತ್ತ ಹಾಗೆ ಬಿದ್ದಿತ್ತು. ನಿಲ್ಲಿಸಿ, ಮತ್ತೆ ಹೊಡೆಸಿ, ಮೂರನೇ ಸಲಕ್ಕೆ ಅದು ನಡುಗಿ ಎದ್ದಿತು. ಆಮೇಲೆ ವೈರ್ ಹಾಕಿ ಸ್ಟಾರ್ಟ್ ಮಾಡಿದೆವು. ಹತ್ತು ನಿಮಿಷ ಬಟ್ಟಲಿನ ಅಂಚಿನ ಸುತ್ತ ಹಳೇ ಪೇಪರ್ ಹಿಡಿದುಕೊಂಡು ಕೂತಿದ್ದೆ. ಒಂದು ಹನಿ ಬೀಳಲಿಲ್ಲ.

500 ಕಿಲೋಮೀಟರ್ ಆದ ಮೇಲೆ ಕಾಕಾ ಮತ್ತೆ ಬಿಚ್ಚಿಸಿದರು. ಅಷ್ಟು ಬೇಗ ಯಾಕೆ ಅಂದರೆ, ಎರಡು ವರ್ಷದ ಕೊಳೆ ಇಂಜಿನ್ನಿನ ಮೂಲೆಮೂಲೆಯಲ್ಲಿ ಕೂತಿತ್ತಲ್ಲ. ಈ ಸಲ ಮಡಿಕೆಗಳ ತುಂಬ ಕಪ್ಪು ಕೆಸರು, ಬೆರಳಿಗೆ ಗ್ರೀಸಿನ ಹಾಗೆ ಹತ್ತಿತು. ಇಷ್ಟು ಕೊಳಕು ನೋಡಿ ಮನೆಮಂದಿಯೆಲ್ಲ ಖುಷಿಪಟ್ಟದ್ದು ಅದೇ ಮೊದಲು. ತಳಕ್ಕೆ ಅಂಟಿಕೊಂಡು ಬಂದ ತಟ್ಟೆಯನ್ನು ದೊಡ್ಡಪ್ಪ ತಾವೇ ಕೈ ಹಾಕಿ ಬಿಡಿಸಿ, ಎಣ್ಣೆ ಒರೆಸಿ, ಪಂಚೆಯ ಸೆರಗಿನಲ್ಲಿ ಕಟ್ಟಿಕೊಂಡು ಕೂತರು. ಹೊಸ ಉರುಳೆ ಬಟ್ಟಲಿಗೆ ಇಳಿಯುವವರೆಗೂ ಯಾರ ಕೈಗೂ ಕೊಡಲಿಲ್ಲ.

ಬಾನೆಟ್ಟಿನ ಒಳಗಡೆ ಈಗ ಬಿಳಿ ಪೇಂಟಿನಲ್ಲಿ ಬಟ್ಟಲಿನ ಆಳ, ಉರುಳೆಯ ಎತ್ತರ, ತೂತಿನ ಅಡ್ಡಳತೆ ಬರೆದಿದ್ದೇನೆ. ಕೆಳಗೆ "ತಟ್ಟೆ 1, ವಾಷರ್ 1, ಎಸೆಯಬೇಡಿ" ಅಂತ ಇದೆ. ಜೆ.ಸಿ. ರಸ್ತೆಯ ಯಜಮಾನರಿಗೆ ಫೋನ್ ಮಾಡಿ ಇನ್ನೂ ಆರು ಉರುಳೆ ತರಿಸಿ ಅಟ್ಟದ ಮೇಲೆ ಇಲಿ ಬಾರದ ಟಿನ್ನಿನಲ್ಲಿ ಇಟ್ಟಿದ್ದೇವೆ. ವರ್ಷಕ್ಕೊಂದು ಅಂದರೂ ಆರು ವರ್ಷಕ್ಕಾಯಿತು. ನಿಮ್ಮ ಊರಿನಲ್ಲಿ 1489 ಸಿಸಿ ಪೆಟ್ರೋಲ್ ಇಂಜಿನ್ನಿನ ಅಂಬಾಸಿಡರ್ ಇದ್ದು, ಉರುಳೆ ಸಿಗದೆ ಒದ್ದಾಡುತ್ತಿರುವವರಿದ್ದರೆ ಬಟ್ಟಲು ಬಿಚ್ಚಿ ಆಳ ಅಳೆದು ನನಗೆ ಬರೆಯಿರಿ. ನಮ್ಮದಕ್ಕೆ ಹೊಂದಿದರೆ ಎರಡು ಕೊಡಬಹುದು ಅಂತ ದೊಡ್ಡಪ್ಪ ಹೇಳಿದ್ದಾರೆ. ಎರಡೇ.